ಮಿಸ್ತ್ರಿಗೆ ಎರವಲು ಕೊಟ್ಟ ಕಿವಿ

ಮೊನ್ನೆ ಹಾವೇರಿಯಲ್ಲಿ ಕಿವಿ ಡಾಕ್ಟರರು ನನ್ನನ್ನು ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು, ಇಷ್ಟೇ. ಜೀವಮಾನವೆಲ್ಲ ಮಕ್ಕಳಿಗೆ ಪರೀಕ್ಷೆ ಕೊಟ್ಟವಳಿಗೆ ಪರೀಕ್ಷೆಯೆಂದರೆ ಇಷ್ಟು ಹೆದರಿಕೆಯೆಂದು ನನಗೇ ಗೊತ್ತಿರಲಿಲ್ಲ. ಏನೂ ಕೇಳದಿದ್ದರೂ ಇಷ್ಟೊತ್ತಿಗೆ ಸದ್ದು ಬಂದಿರಬೇಕು ಎಂದುಕೊಂಡು ಎರಡು ಮೂರು ಸಲ ಒತ್ತಿಬಿಟ್ಟೆ. ಡಾಕ್ಟರರು ಬಾಗಿಲು ತೆರೆದು ನಗುತ್ತಾ, "ಟೀಚರ್ರ, ನಾ ಇನ್ನೂ ಸದ್ದು ಬಿಟ್ಟೇ ಇಲ್ರಿ" ಎಂದರು. ನಾಚಿಕೆಯಾಯಿತು. ಆ ನಾಚಿಕೆಯ ಬೆನ್ನಿಗೇ ರಾಣೆಬೆನ್ನೂರಿನ ಗಾಡಿ ರಿಪೇರಿಯ ಮಿಸ್ತ್ರಿ ನೆನಪಾದರು. ಅವರ ಮುಂದೆಯೂ ಒಮ್ಮೆ ನಾನು ಇದೇ ಕೆಲಸ ಮಾಡಿದ್ದೆ.

ಹೆಸರು ಬರೆಯುವುದಿಲ್ಲ. ಅವರ ಗುಟ್ಟನ್ನು ಒಮ್ಮೆ ಊರಿಗೆಲ್ಲ ಹಂಚಿದವಳು ನಾನು, ಈಗ ಹೆಸರು ಹಿಡಿದು ಮತ್ತೊಮ್ಮೆ ಹಂಚಲಾರೆ. ಎಲ್ಲರಿಗೂ ಅವರು ಮಿಸ್ತ್ರಿ, ನನಗೂ ಅಷ್ಟೇ. ಗುಟ್ಟು ದೊಡ್ಡದೇನಲ್ಲ. ಸದ್ದು ಕೇಳಿಯೇ ಗಾಡಿಯ ರೋಗ ಹೇಳುತ್ತಾರೆಂದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲೆಲ್ಲ ಹೆಸರಾಗಿದ್ದ ಆ ಮನುಷ್ಯನಿಗೆ ಕಿವಿ ಕೇಳುವುದು ಕಡಿಮೆಯಾಗುತ್ತಿತ್ತು. ಅವರ ಶೆಡ್ಡಿಗೆ ಬೋರ್ಡು ಕೂಡ ಇರಲಿಲ್ಲ. ಜನ ಬರುತ್ತಿದ್ದದ್ದು ಆ ಕಿವಿಯನ್ನು ನಂಬಿ. ಕಿವಿ ಹೋಯಿತೆಂದು ಗೊತ್ತಾದರೆ ಅಂಗಡಿಯೂ ಹೋದಂತೆಯೇ. ಹಾಗೇ ಆಯಿತು. ಅದು ನನ್ನಿಂದ ಹೋಯಿತೋ ತಾನಾಗಿ ಹೋಯಿತೋ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮೊದಲು ಕಾರಿನ ವಿಷಯ ಹೇಳಬೇಕು. ನಮ್ಮಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಮುಂಬೈಯ ಗೆಳೆಯನೊಬ್ಬನಿಂದ ಎಪ್ಪತ್ತರ ದಶಕದ ಒಂದು ಜರ್ಮನಿ ಕಾರು ತಂದಿದ್ದರು. ಹುಟ್ಟುವಾಗ ಅದು ಇಂಜೆಕ್ಷನ್ ಗಾಡಿ, ಪೆಟ್ರೋಲನ್ನು ಅಳೆದು ಇಂಜಿನ್ನಿಗೆ ಚಿಮ್ಮಿಸುವ ಜಾತಿಯದು. ಆ ಏರ್ಪಾಡು ಕೆಟ್ಟು, ಬಿಡಿಭಾಗ ಸಿಗದೆ, ಮುಂಬೈಯವರು ಅದನ್ನೆಲ್ಲ ಕಿತ್ತು ಎರಡು ಕಾರ್ಬ್ಯುರೇಟರ್ ಕೂರಿಸಿದ್ದರು. ಬದಿಗೆ ನಿಂತು ನೋಡಿದರೆ ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಒಂದು ಹೆಚ್ಚು ಎಳೆದರೆ ಗಾಡಿ ನಡುಗುತ್ತದೆ, ನಿಂತಲ್ಲೇ ಆರಿಹೋಗುತ್ತದೆ. ಎರಡು ಸಾವಿರದ ಇಸವಿ ದಾಟಿತ್ತು. ಊರಿನ ಗಾಡಿಗಳೆಲ್ಲ ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಹೊರಟಿದ್ದವು, ನಮ್ಮದು ಮಾತ್ರ ಇಂಜೆಕ್ಷನ್ ಬಿಟ್ಟು ಕಾರ್ಬ್ಯುರೇಟರ್‌ಗೆ ಬಂದು ಕೂತಿತ್ತು. ಅಣ್ಣಂದಿರು ಮೂಗು ಮುರಿದು ಹೊಸ ಗಾಡಿ ತಂದರು. ಅಪ್ಪ ಹಳೆಯದರ ಕೀಲಿಕೈ ನನ್ನ ಕೈಗಿಟ್ಟರು. ನಾನಾಗ ಹಾವೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕಾರ್ಬ್ಯುರೇಟರಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಚೆಂದಾಗಿ ಬರೆಯುತ್ತಿದ್ದೆ. ನಿಜವಾದದ್ದರ ಮುಂದೆ ನಿಂತಾಗ ತಲೆಬುಡ ಒಂದೂ ತಿಳಿಯಲಿಲ್ಲ.

ಹಾವೇರಿಯಲ್ಲಿ ಮೂರು ಗ್ಯಾರೇಜಿನವರು ನೋಡಿಯಾಗಿತ್ತು. ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಉಕ್ಕಿ ಸುರಿಯುತ್ತಿತ್ತು. ಮೂವರೂ ಅವನ್ನೇ ಬಿಚ್ಚಿ, ತೊಳೆದು, ಮತ್ತೆ ಕೂರಿಸಿ ಕೈಚೆಲ್ಲಿದರು. ಕೊನೆಗೆ ರಾಣೆಬೆನ್ನೂರಿಗೆ ಹೋದೆ. ಮೇಡ್ಲೇರಿ ರಸ್ತೆಗೆ ಹೊರಳುವಲ್ಲಿ, ಬೀಜದ ಕಂಪನಿಯ ಗೋದಾಮಿಗೆ ಆತುಕೊಂಡ ತಗಡಿನ ಶೆಡ್ಡು. ಮಿಸ್ತ್ರಿ ಬಾನೆಟ್ ತೆರೆಯಲೇ ಇಲ್ಲ. ಗಾಡಿ ಚಾಲೂ ಇಡಲು ಹೇಳಿ ನೆಟ್ಟಗೆ ಹಿಂದಕ್ಕೆ ಹೋದರು. ಪೆಟ್ರೋಲ್ ಟ್ಯಾಂಕಿನ ಪಕ್ಕ ಅಂಗೈ ಊರಿ, ಎಮ್ಮೆಯ ಬೆನ್ನು ಸವರಿದಂತೆ ಸವರುತ್ತ ಸುಮ್ಮನೆ ನಿಂತರು.

"ಇದರ ಪಂಪ್ ಇನ್ನೂ ಹಳೇ ಮನ್ಯಾಗ ಐತ್ರಿ ಅಕ್ಕೋರ," ಎಂದರು. ನಮ್ಮ ಕಡೆ ಹೆಣ್ಣು ಮಾಸ್ತರರೆಲ್ಲ ಅಕ್ಕೋರೇ. "ಇಂಜೆಕ್ಷನ್ ಇದ್ದಾಗಿನ ಜೋರು ಹಂಗ ನಡಿಸೈತಿ. ಇಲ್ಲಿರೂವು ಬಡ ಕಾರ್ಬ್ಯುರೇಟರ್, ಅಷ್ಟು ಜೋರು ಹೆಂಗ ತಡಕೋತಾವ?"

ಮುಂಬೈಯವರು ಎಲ್ಲವನ್ನೂ ಬದಲಿಸಿ ಪಂಪನ್ನು ಮಾತ್ರ ಹಳೆಯದನ್ನೇ ಬಿಟ್ಟಿದ್ದರು. ಮಿಸ್ತ್ರಿ ಸಣ್ಣ ಪಂಪ್ ಹಾಕಿದರು, ಉಕ್ಕುವುದು ನಿಂತಿತು. ಅವರ ಕಿವಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅಂಗೈಯ ಕಡೆ ನನ್ನ ಗಮನವೇ ಹೋಗಲಿಲ್ಲ.

ಅವರು ಮೂಲತಃ ಮೇಡ್ಲೇರಿಯವರು. ಹೊಳೆಯ ದಂಡೆಯ ಡೀಸೆಲ್ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುತ್ತ ಕೆಲಸ ಕಲಿತವರು. ಊರ ಅಗಸಿ ಬಾಗಿಲಲ್ಲಿ ನಿಂತೇ ಯಾರ ಹೊಲದ ಪಂಪ್ ಓಡುತ್ತಿದೆ ಎಂದು ಹೇಳುತ್ತಿದ್ದರಂತೆ. ಅದೇ ಪಂಪುಗಳ ಅಬ್ಬರವೇ ಮುಂದೆ ಅವರ ಕಿವಿಯನ್ನು ತಿಂದಿರಬೇಕು. ಚಿಕ್ಕಂದಿನಲ್ಲಿ ಹೊಸರಿತ್ತಿಯಲ್ಲಿ, ನೂಲುವುದನ್ನೂ ಕಲಿಸುವ ಶಾಲೆಯಲ್ಲಿ ಎರಡು ವರ್ಷ ಓದಿ ಚರಕವನ್ನೂ ತಿರುಗಿಸಿದ್ದರು. "ಎಳಿ ಹರಿಯೂದು ಕಣ್ಣಿಗಿಂತ ಮೊದಲ ಬೆರಳಿಗೆ ಗೊತ್ತಾಗತೈತ್ರಿ" ಎಂದು ಒಮ್ಮೆ ಹೇಳಿದ್ದರು. ಆ ಕಾಲದಿಂದ ಬಿಳಿ ಖಾದಿ ಅಂಗಿ ಬಿಟ್ಟವರಲ್ಲ. ಗ್ರೀಸಿನ ಕೆಲಸಕ್ಕೆ ಬಿಳಿ ಅಂಗಿ ಯಾಕ್ರೀ ಎಂದು ಕೇಳಿದ್ದಕ್ಕೆ, "ಎಲ್ಲಿ ಕೈ ಒರಸಬಾರದು ಅನ್ನೂದು ನೆನಪಿರಲಿ ಅಂತ" ಎಂದರು. ಇಂಥ ಉತ್ತರಗಳನ್ನು ಕೇಳಿ ಅರ್ಧ ದಾರಿ ನಗುತ್ತಾ, ಇನ್ನರ್ಧ ದಾರಿ ಅದರಲ್ಲೇನೋ ಬೇರೆ ಅರ್ಥವಿತ್ತೇ ಎಂದು ತಲೆ ಕೆಡಿಸಿಕೊಳ್ಳುತ್ತಾ ಹಾವೇರಿಗೆ ವಾಪಸಾಗುತ್ತಿದ್ದೆ.

ಕಾರು ತಿಂಗಳಿಗೊಮ್ಮೆಯಾದರೂ ಕೈಕೊಡುತ್ತಿತ್ತು. ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ಅಪ್ಪನ ಅಂಗಡಿಯ ಮುಂದೆ ನಿಲ್ಲಿಸಿದರೆ ಮುಗಿಯಿತು, ಮೆಣಸಿನಕಾಯಿಯ ಕೆಂಪು ದೂಳು ಕಾರ್ಬ್ಯುರೇಟರಿನ ಸಣ್ಣ ತೂತುಗಳಲ್ಲಿ ಕೂತುಬಿಡುತ್ತಿತ್ತು. ಒಮ್ಮೆ ಮಿಸ್ತ್ರಿ ಅದರ ಒಂದು ಹಿತ್ತಾಳೆಯ ತುಣುಕು ಬಿಚ್ಚಿ, ತೂತು ತೆರೆಯಲೆಂದು ಬಾಯಿಗಿಟ್ಟು ಊದಿದರು. ಊದಿದ್ದೇ ತಡ, ಸಾಲಾಗಿ ಸೀನು. ಕಣ್ಣಲ್ಲಿ ನೀರು. ಸುಧಾರಿಸಿಕೊಂಡು, "ಅಪ್ಪಾರಿಗೆ ಹೇಳ್ರಿ ಅಕ್ಕೋರ, ಗಾಡಿಗೆ ಪೆಟ್ರೋಲ್ ಸಾಕು, ಒಗ್ಗರಣಿ ಬ್ಯಾಡ" ಎಂದರು. ಮುಂದಿನ ವಾರ ಟ್ರ್ಯಾಕ್ಟರಿನದೊಂದು ಹಳೆಯ ಗಾಳಿ ಫಿಲ್ಟರನ್ನು ತಾವೇ ಕತ್ತರಿಸಿ ಕೂರಿಸಿಕೊಟ್ಟರು.

ಕೆಲಸಕ್ಕೆ ಅವರದೊಂದು ಕ್ರಮವಿತ್ತು. ಮೊದಲು ಇಂಜಿನ್ನಿನ ಮೇಲೆ ಅಂಗೈ. ಆಮೇಲೆ ಜೇಬಿನಿಂದ ಮೊಳದುದ್ದದ ರಬ್ಬರ್ ನಳಿಗೆ. ಅದರ ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ಕಿವಿಗೆ. ಗಾಳಿ ಒಳಗೆ ಹೋಗುವ ಸುಯ್ ಎಂಬ ಸದ್ದು ಎಡಕ್ಕೂ ಬಲಕ್ಕೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸುವುದು. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚಿಲ್ಲ. ಕಾಲು ಸುತ್ತು ತಿರುಗಿಸಿ ಎರಡು ಗುಟುಕು ಚಹಾ ಕುಡಿಯುವರು. "ಅದಕ್ಕೂ ರೂಢಿ ಆಗಬೇಕಲ್ರಿ" ಎನ್ನುವರು. ಹೀಗಾಗಿ ನಮ್ಮ ಕಾರು ಸರಿಯಾಗುವ ಹೊತ್ತಿಗೆ ಇಬ್ಬರಿಗೂ ನಾಲ್ಕು ನಾಲ್ಕು ಕಪ್ ಚಹಾ ಆಗಿರುತ್ತಿತ್ತು.

ಎರಡನೆಯ ವರ್ಷದ ಒಂದು ರವಿವಾರ ಅವರು ನಳಿಗೆಯ ತುದಿಯನ್ನು ನನ್ನ ಕಡೆ ಚಾಚಿದರು. "ನೀವ ಕೇಳ್ರಿ. ನಿಮ್ಮ ಕಿವಿ ಸಣ್ಣು ಅದಾವು, ನಳಗಿ ಚೊಲೋ ಕುಂದರತೈತಿ."

ಇದೆಂಥ ಕಾರಣ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಶಿಷ್ಯೆಯಾಗಿಬಿಟ್ಟೆನೆಂದು ಉಬ್ಬಿಹೋದೆ. ಕಣ್ಣು ಮುಚ್ಚಿಕೊಳ್ಳಬೇಕು, ಅವರು ನಳಿಗೆಯ ಇನ್ನೊಂದು ತುದಿಯನ್ನು ಒಂದರ ನಂತರ ಒಂದಕ್ಕೆ ಹಿಡಿಯುವರು, ಯಾವುದು ಹೆಚ್ಚು ಎಂದು ನಾನು ಹೇಳಬೇಕು. ಮೂರನೆಯದೋ ನಾಲ್ಕನೆಯದೋ ಸಲ ಜಾಣತನ ತೋರಿಸಲು ಹೋಗಿ, "ಎರಡನೇದು ಸ್ವಲ್ಪ ಜಾಸ್ತಿ ರೀ" ಎಂದೆ.

ಮಿಸ್ತ್ರಿ ನಕ್ಕರು. "ಎರಡೂ ಸಲ ಎಡಗಡೀದಕ್ಕ ಹಿಡಿದಿದ್ದೆ. ಕೇಳಿದ್ದು ಹೇಳ್ರಿ ಅಕ್ಕೋರ, ಅನಿಸಿದ್ದು ಬ್ಯಾಡ."

ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮಾತನ್ನೇ ಅವರು ನನಗೆ ತಿರುಗಿಸಿ ಹೇಳಿದ್ದರು. ಸಿಟ್ಟು ಬಂತು, ಹಿಂದೆಯೇ ಸಂತೋಷವೂ ಆಯಿತು. ಅವತ್ತಿನಿಂದ ಕೇಳಿದ್ದನ್ನೇ ಹೇಳಿದೆ. ನಾನು ಎಡ ಎಂದರೆ ಎಡ, ಬಲ ಎಂದರೆ ಬಲ, ಅವರು ಕಾಲು ಸುತ್ತು ತಿರುಗಿಸುವರು. ಕಾರು ಆ ಒಂದೂವರೆ ವರ್ಷ ಓಡಿದಂತೆ ಮತ್ತೆಂದೂ ಓಡಲಿಲ್ಲ. ಹೈವೇ ಅಗಲ ಮಾಡುವ ಕೆಲಸ ನಡೆದು ರಸ್ತೆಯೆಲ್ಲ ಕಿತ್ತುಹೋಗಿದ್ದರೂ ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸುಗಳನ್ನು ಹಿಂದೆ ಹಾಕುತ್ತಿದ್ದೆ. ಬೇರೆಯವರ ಗಾಡಿ ಶೆಡ್ಡಿನಲ್ಲಿದ್ದಾಗ ನಾನು ಹೋದರೆ, ನನ್ನ ಕೈಗೆ ಚಹಾ ಕೊಟ್ಟು ಮೆಲ್ಲಗೆ ಅದಕ್ಕೂ ನಳಿಗೆ ಹಿಡಿಸುತ್ತಿದ್ದರು. ನನಗೆ ಅದೂ ಹೆಮ್ಮೆಯೇ.

ನನಗೊಂದು ದೊಡ್ಡ ರೋಗ, ಬಾಯಿ ನಿಲ್ಲುವುದಿಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಮಧ್ಯಾಹ್ನ, ಬುತ್ತಿ ಬಿಚ್ಚಿಕೊಂಡು ಕೂತಾಗ, ಕೊಚ್ಚಿಕೊಂಡೆ. "ಮಿಸ್ತ್ರಿ ಈಗ ನನ್ನ ಕಿವೀಲೇ ಕೇಳೂದು. ನಾ ಹೇಳಿದ ಮ್ಯಾಲೇ ಸ್ಕ್ರೂ ಮುಟ್ಟತಾರ."

ಗಣಿತದ ಮಾಸ್ತರರು ರಾಣೆಬೆನ್ನೂರಿನಿಂದ ದಿನಾ ಓಡಾಡುವವರು. ಅವರ ಅಣ್ಣತಮ್ಮಂದಿರ ಗಾಡಿಗಳೆಲ್ಲ ಮಿಸ್ತ್ರಿಯ ಕೈಯಲ್ಲೇ ಇದ್ದವು. ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿ, "ಯಾಕ್ರೀ, ಅವರ ಕಿವಿಗೆ ಏನಾತು?" ಎಂದರು.

ಆಗ ಹೊಳೆಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಪಕ್ಕದಲ್ಲೇ ನಿಂತವಳಿಗೆ, ಅವರ ಪಕ್ಕ ಒಂದು ದಿನವೂ ನಿಲ್ಲದವರೊಬ್ಬರು ಕೇಳಿದಾಗ ಹೊಳೆಯಿತೆಂದರೆ ಏನು ಹೇಳಲಿ! ಅವರು ಮಾತಾಡುವಾಗ ನನ್ನ ಮುಖವನ್ನೇ ನೋಡುತ್ತಿದ್ದದ್ದು, ಹಿಂದಿನಿಂದ ಕರೆದರೆ ತಿರುಗದೆ ಇದ್ದದ್ದು, ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಆಗಲಾದರೂ ಮಾತು ಮರೆಸಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಸ್ವಲ್ಪ ಮಂದ ಆಗಿರಬೇಕ್ರಿ." ಹೇಳಿ ನಾಲಿಗೆ ಕಚ್ಚಿಕೊಂಡೆ. ಮಾಸ್ತರರು ಕೆಟ್ಟವರಲ್ಲ. ಆದರೆ ಸಂಜೆಯ ಬಸ್ಸು ಹತ್ತಿದ ಮಾತು ಅವರೊಬ್ಬರ ಜೊತೆಗೇ ಉಳಿಯುತ್ತದೆಯೇ?

ಆ ವರ್ಷದ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ. ಬ್ಯಾಡಗಿಯಲ್ಲಿ ನಮ್ಮ ಓಣಿಯ ವ್ಯಾಪಾರಿಗಳು ತಮ್ಮ ಗಾಡಿಗಳನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ ಸಾಲಾಗಿ ನಿಲ್ಲಿಸುತ್ತಿದ್ದರು. ನಮ್ಮಪ್ಪ ಶುರು ಮಾಡಿದ್ದ ಒಂದು ಪದ್ಧತಿಯಿತ್ತು. ಪೂಜೆಯಾದ ಮೇಲೆ ಮಿಸ್ತ್ರಿ ಒಂದೊಂದೇ ಗಾಡಿಯ ಬಾನೆಟ್ ತೆರೆದು ಕಿವಿಗೊಟ್ಟು, "ಹೂಂ, ನಡೀಲಿ" ಎನ್ನಬೇಕು. ಅಂದ ಮೇಲೇ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಡುವುದು. ಆ ಸಲ ನಮ್ಮ ಕಾರೇ ಮೊದಲನೆಯದು. ಜನ ಎಂದಿಗಿಂತ ಹತ್ತಿರ ಬಂದು ನಿಂತಿದ್ದರು. ಮಗ್ಗುಲ ಅಂಗಡಿಯ ಕಾಕಾ, ಮಿಸ್ತ್ರಿಯ ಬೆನ್ನ ಹಿಂದೆ ನಿಂತು, "ಈ ವರ್ಷ ಕಿವಿ ನಡೀತಾವೇನು ಮಿಸ್ತ್ರಿ?" ಎಂದು ದೊಡ್ಡದಾಗಿಯೇ ಕೇಳಿದರು. ಮಿಸ್ತ್ರಿ ತಿರುಗಲಿಲ್ಲ. ಒಂದಿಬ್ಬರು ನಕ್ಕರು. ನನಗೆ ಅಲ್ಲಿಂದ ಓಡಿಹೋಗುವಂತಾಯಿತು.

ಮಿಸ್ತ್ರಿ ಇಂಜಿನ್ನಿನ ಮೇಲೆ ಅಂಗೈ ಇಟ್ಟರು. ನಳಿಗೆಯನ್ನು ತಮ್ಮ ಕಿವಿಗೇ ಇಟ್ಟುಕೊಂಡು ಎಡ, ಬಲ ನೋಡಿದರು. ಸ್ಕ್ರೂ ಸ್ವಲ್ಪ ತಿರುಗಿಸಿದರು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದರು. ಅಷ್ಟು ಜನರೆದುರು ನಳಿಗೆಯ ತುದಿಯನ್ನು ನನ್ನ ಕಡೆ ಚಾಚಿ, "ಬರ್ರಿ ಅಕ್ಕೋರ, ನೀವ ಹೇಳ್ರಿ" ಎಂದರು.

ನಾನು ಕಣ್ಣು ಮುಚ್ಚಿದೆ. ಬಲಗಡೆಯದು ಸಣ್ಣಗೆ ಸುಯ್ ಎನ್ನುತ್ತಿತ್ತು. ಎಡಗಡೆಯದು ಬುಸುಗುಡುತ್ತಿತ್ತು. ಮೊದಲ ದಿನದ ಶಿಷ್ಯೆಗೂ ತಿಳಿಯುವಷ್ಟು ಫರಕು. ಕಣ್ಣು ತೆರೆದೆ. ಮಿಸ್ತ್ರಿ ಬಾನೆಟ್ಟಿನೊಳಗೆ ಬಗ್ಗಿಯೇ ಇದ್ದರು, ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು, ಮುಖ ಮಾತ್ರ ನನ್ನ ಕಡೆ. ಅವರ ಹಿಂದೆ ಕಾಕಾನ ಮುಖ. ಎಡಗಡೆಯದು ಜಾಸ್ತಿ ಎಂದರೆ ಮಿಸ್ತ್ರಿ ತಪ್ಪಿದರೆಂದು ಇವರೆಲ್ಲ ನಗುತ್ತಾರೆ. ನಾನು ಆಗಲೇ ಒಮ್ಮೆ ಇವರ ಮಾನ ಕಳೆದವಳು. ಇನ್ನೊಮ್ಮೆ ಕಳೆಯಲೇ?

"ಬರೋಬರಿ ಐತ್ರಿ ಮಿಸ್ತ್ರಿ. ಎರಡೂ ಒಂದ ಸಮ."

ಅವರು ನನ್ನನ್ನೇ ನೋಡಿದರು. "ಖರೇನ?"

"ಖರೇ ರೀ."

ಮಿಸ್ತ್ರಿ ನಿಧಾನವಾಗಿ ನೆಟ್ಟಗಾದರು. ನಳಿಗೆಯನ್ನು ಸುತ್ತಿ ಜೇಬಿಗಿಟ್ಟರು. "ಹೂಂ, ನಡೀಲಿ" ಎನ್ನಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಕಾಕಾ ಶಾಬಾಸ್ ಎಂದು ಚಪ್ಪಾಳೆ ತಟ್ಟಿದರು. ನಿಂಬೆಹಣ್ಣು ಇಟ್ಟರು. ನಾನು ಕಾರು ಬಿಟ್ಟೆ. ಓಣಿಯ ತಿರುವಿನವರೆಗೆ ನಡುಗುತ್ತ ಹೋಗಿ, ಅಲ್ಲಿ ಎಲ್ಲರ ಕಣ್ಣೆದುರು ಆರಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಆರಿತು. ಹಾರ ಹಾಕಿಕೊಂಡ ಕಾರನ್ನು ನಾಲ್ಕು ಜನ ನೂಕಿಕೊಂಡು ಬಂದರು. ಆ ನಾಲ್ವರಲ್ಲಿ ಮಿಸ್ತ್ರಿಯೂ ಒಬ್ಬರು. ಉಳಿದ ಗಾಡಿಗಳ ಬಾನೆಟ್ಟನ್ನು ಯಾರೂ ತೆರೆಯಲೇ ಇಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದರು. ಬಿಳಿ ಅಂಗಿಯ ಬೆನ್ನಿಗೆ ಚೆಂಡುಹೂವಿನ ಎಸಳು ಅಂಟಿತ್ತು. ಕರೆದೆ. ಅವರಿಗೆ ಕೇಳಿಸಲಿಲ್ಲ.

ಮುಂದಿನ ಬೇಸಿಗೆಯೊಳಗೆ ಶೆಡ್ಡು ಮುಚ್ಚಿತು. ಕಾರ್ಬ್ಯುರೇಟರ್ ಗಾಡಿಗಳೇ ಕಡಿಮೆಯಾದವು, ಕಂಪ್ಯೂಟರ್ ಹಚ್ಚಿ ನೋಡುವ ಗ್ಯಾರೇಜುಗಳು ಬಂದವು, ಹೇಗಿದ್ದರೂ ಮುಚ್ಚುತ್ತಿತ್ತು ಎಂದು ನನ್ನ ಗಂಡ ಸಮಾಧಾನ ಹೇಳಿದರು. ಇರಬಹುದು. ಮೊದಲು ಖರೇ ಹೇಳಿ ಕೆಡಿಸಿದೆನೋ, ಆಮೇಲೆ ಸುಳ್ಳು ಹೇಳಿ ಕೆಡಿಸಿದೆನೋ, ಅಥವಾ ಎರಡಕ್ಕೂ ಸಂಬಂಧವೇ ಇಲ್ಲದೆ ಕಾಲವೇ ಹಾಗೆ ಹೊರಳಿತೋ, ಹಿಂದುಮುಂದು ಮಾಡಿ ಯೋಚಿಸಿದಷ್ಟೂ ಗೋಜಲಾಗುತ್ತದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು, ಅದು ಮಾತ್ರ ನಿಜ. ಕಾರಿನ ಸ್ಕ್ರೂಗಳನ್ನು ಯಾರಿಗೂ ಮುಟ್ಟಗೊಡಲಿಲ್ಲ. ಬೇರೆಯವರು ಸರಿಮಾಡಿದರೆ ಮಿಸ್ತ್ರಿ ತಪ್ಪಿದ್ದರೆಂದು ನಾನೇ ಒಪ್ಪಿಕೊಂಡಂತೆ ಎಂಬ ಹಟ. ಬ್ರೇಕಿನ ಜೊತೆಗೆ ಆಕ್ಸಿಲರೇಟರನ್ನೂ ತುಳಿಯುತ್ತ, ಆರಗೊಡದೆ ಹೇಗೋ ಓಡಿಸಿಕೊಂಡಿದ್ದೆ.

ಅವರು ತೀರಿಕೊಂಡದ್ದು ನನಗೆ ಒಂದು ತಿಂಗಳ ಮೇಲೆ, ಅದೇ ಗಣಿತದ ಮಾಸ್ತರರಿಂದ ಗೊತ್ತಾಯಿತು. ಅದಕ್ಕೆ ಒಂದು ವರ್ಷ ಮೊದಲು, ಒಂದು ರವಿವಾರ ಮುಂಜಾನೆ ಧೈರ್ಯ ಮಾಡಿ ಮೇಡ್ಲೇರಿಗೆ ಹೋಗಿದ್ದೆ. ಅವರು ಹೊಲದ ಬದುವಿನಲ್ಲಿ ನಿಂತು ಕಾಲುವೆಗೆ ನೀರು ತಿರುಗಿಸು‌ತ್ತಿದ್ದರು. ಅದೇ ಬಿಳಿ ಅಂಗಿ. ಹೊಳೆಯ ಕಡೆ ಪಂಪುಗಳ ಸದ್ದು. ಕಿವಿ ಆಗ ಪೂರ್ತಿ ಹೋಗಿತ್ತು. ತಪ್ಪಾಯಿತು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳಿಗೆ, ಅದನ್ನು ಕೂಗಿ ಹೇಳಬೇಕಾಗುತ್ತದೆಂದು ಹೊಳೆದೇ ಇರಲಿಲ್ಲ. ಬರೀ ಕೈಮುಗಿದೆ.

ಅವರು ನನ್ನನ್ನು ಕಂಡು ನಕ್ಕು, ಮೊದಲು ಕಾರಿನ ಹತ್ತಿರ ಹೋದರು. ಆರಿದರೆ ಮತ್ತೆ ಚಾಲೂ ಆಗದೆಂದು ಚೋಕ್ ಎಳೆದಿಟ್ಟೇ ಇಳಿದಿದ್ದೆ, ಇಂಜಿನ್ ಇನ್ನೂ ನಡುಗುತ್ತ ಓಡುತ್ತಿತ್ತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಒಂದು ಕ್ಷಣ, ಅಷ್ಟೇ.

"ಇನ್ನೂ ಹಂಗ ಐತಲ್ರಿ ಅಕ್ಕೋರ."

ಸದ್ದು ಗಾಳಿಗಿಂತ ಲೋಹದಲ್ಲಿ ಚೆನ್ನಾಗಿ ಹರಿಯುತ್ತದೆ ಎಂದು ವರ್ಷಾ ವರ್ಷಾ ಮಕ್ಕಳಿಗೆ ಪಾಠ ಮಾಡಿದವಳು ನಾನೇ. ಅವರು ಬಾನೆಟ್ ಎತ್ತಿದರು. ನಳಿಗೆ ತೆಗೆಯಲಿಲ್ಲ. ನನ್ನ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತರಿಸಿ, ಎಡಗಡೆಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. ಒಂದೇ ಸಲಕ್ಕೆ ನಡುಕ ನಿಂತಿತು. ಅಂಗೈಗೆ ಎಲ್ಲ ಗೊತ್ತಿದ್ದರೆ ನನ್ನ ಕಿವಿ ಇವರಿಗೆ ಯಾಕೆ ಬೇಕಿತ್ತು? ಖಂಡೇಪೂಜೆಯ ದಿನವೂ ಗೊತ್ತಿತ್ತೇ? ಗೊತ್ತಿದ್ದೂ ಅಷ್ಟು ಜನರೆದುರು ನನ್ನನ್ನು ಕರೆದರೇ? ನನ್ನ ಮುಖದಲ್ಲಿ ಇದೆಲ್ಲ ಬರೆದಿತ್ತೆಂದು ಕಾಣುತ್ತದೆ. ಮಿಸ್ತ್ರಿ ಬಾನೆಟ್ ಇಳಿಸಿ, ಕೈಯನ್ನು ಹುಲ್ಲಿಗೆ ಒರಸಿಕೊಂಡರು.

"ಅವತ್ತ ಎಡಗಡೀದು ಜಾಸ್ತಿ ಐತಿ ಅಂತ ಒಂದ ಮಾತು ಅಂದಿದ್ರ ಸಾಕಿತ್ತು ನೋಡ್ರಿ," ಎಂದರು. ಸಿಟ್ಟೇನೂ ಇರಲಿಲ್ಲ. "ನಿಮ್ಮ ಕಿವಿ, ನನ್ನ ಕೈ ಕೂಡಿ ಕೆಲಸ ನಡೀತೈತಿ ಅಂತ ಮಂದಿ ನೋಡತಿದ್ರು. ನಾ ಸ್ಕ್ರೂ ಮ್ಯಾಲೆ ಕೈ ಇಟಗೊಂಡ ನಿಂತಿದ್ದೆ."